ಮೂರು ದಾರ, ನಾಲ್ಕನೆಯ ಕುರ್ಚಿ

ಗಣಿತಶಾಸ್ತ್ರದ ಇತಿಹಾಸದಲ್ಲಿ ಕಾಕ್ಸ್ ಟೌನಿನ ಹೆಸರು ಎಲ್ಲಿಯೂ ಬರುವುದಿಲ್ಲ. ಇದು ಅನ್ಯಾಯವೆಂದು ನಾನು ಹೇಳಲಾರೆ. ಆದರೂ ಯುದ್ಧದ ಆ ವರ್ಷಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ, ಅಲ್ಲಿನ ಒಂದು ಹೆಂಚಿನ ಮನೆಯ ಊಟದ ಮೇಜಿನ ಮೇಲೆ ವೆಕ್ಟರ್ ಗಣಿತದ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶವನ್ನು ನಾವು ಯಾವ ವಿದ್ವತ್ ಸಭೆಗೂ ಕಳಿಸಲಿಲ್ಲ. ಕಳಿಸಿದ್ದರೆ ಅವರು ನಮ್ಮನ್ನು ಎಲ್ಲಿಗೆ ಕಳಿಸುತ್ತಿದ್ದರೋ ಗೊತ್ತೇ ಇದೆ.

ಆಗ ನಾನು ಹಲಸೂರಿನಾಚೆ ತಗಡಿನ ಷೆಡ್ಡುಗಳಲ್ಲಿ, ವಾಯುಪಡೆಗೆ ಹೊಸದಾಗಿ ಸೇರಿದವರಿಗೆ ಗಾಳಿಯ ತ್ರಿಕೋನ ಕಲಿಸುತ್ತಿದ್ದೆ. ವಿಷಯ ಇಷ್ಟೇ. ವಿಮಾನದ ಮೂತಿ ಒಂದು ಕಡೆಗೆ, ಗಾಳಿ ಇನ್ನೊಂದು ಕಡೆಗೆ, ವಿಮಾನ ನಿಜವಾಗಿ ಹೋಗುವುದು ಮೂರನೆಯ ಕಡೆಗೆ. ಮೊದಲು ಒಂದು ಬಾಣ ಬರೆಯಬೇಕು, ಅದರ ತುದಿಗೆ ಎರಡನೆಯ ಬಾಣದ ಬಾಲ ಹಚ್ಚಬೇಕು, ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಗೆರೆ ಎಳೆಯಬೇಕು. ನನಗೆ ಎತ್ತಿನಗಾಡಿ ಹತ್ತಿದರೂ ತಲೆ ಸುತ್ತುತ್ತಿತ್ತು. ಆದರೆ ಯುದ್ಧಕಾಲದಲ್ಲಿ ಅರ್ಹತೆ ವಿಚಾರಿಸುವಷ್ಟು ಪುರುಸೊತ್ತು ಸರ್ಕಾರಕ್ಕೆ ಇರಲಿಲ್ಲ.

ನಾನು ಬಾಡಿಗೆಗಿದ್ದದ್ದು ನಿವೃತ್ತರಾದ ಒಬ್ಬ ಗಣಿತದ ಮೇಷ್ಟ್ರ ಮನೆಯ ಹಿಂದಿನ ಕೋಣೆಯಲ್ಲಿ. ಮೇಷ್ಟ್ರು, ಅವರ ಹೆಂಡತಿ (ನಾನು ಅಮ್ಮ ಎನ್ನುತ್ತಿದ್ದೆ), ಮತ್ತು ಸೊಸೆ. ಒಬ್ಬನೇ ಮಗ ವಿಮಾನದಲ್ಲಿ ದಾರಿ ಲೆಕ್ಕ ಹಾಕುವ ಕೆಲಸದಲ್ಲಿದ್ದವನು. ಮದುವೆಯಾದ ಮರುವರ್ಷ ಬರ್ಮಾದ ಕಡೆ ಹೋದ ಅವನ ವಿಮಾನ ಹಿಂದಕ್ಕೆ ಬರಲಿಲ್ಲ. ಬಂದದ್ದು ತಂತಿ. ಅದರಲ್ಲಿ ಸತ್ತನೆಂದು ಇರಲಿಲ್ಲ, ಬದುಕಿದ್ದಾನೆಂದೂ ಇರಲಿಲ್ಲ, ನಾಪತ್ತೆ ಎಂದಿತ್ತು.

ಈ ನಾಪತ್ತೆ ಎಂಬುದಕ್ಕೆ ನಮ್ಮ ಶಾಸ್ತ್ರದಲ್ಲಿ ಒಂದು ವ್ಯವಸ್ಥೆ ಇದೆ. ಹನ್ನೆರಡು ವರ್ಷ ಕಾಯಬೇಕು. ಆಮೇಲೆ ದರ್ಭೆಯಲ್ಲೋ ಮುತ್ತುಗದ ಕಡ್ಡಿಯಲ್ಲೋ ಒಂದು ಮನುಷ್ಯಾಕೃತಿ ಮಾಡಿ ಸುಡಬೇಕು. ಅಲ್ಲಿಯವರೆಗೆ ಹೆಂಡತಿ ಮುತ್ತೈದೆ, ಆದರೆ ಹೂವಿಗೆ ಕೈ ಚಾಚುವಾಗಲೆಲ್ಲ ಮನೆಯವರ ಮುಖ ನೋಡಬೇಕಾದ ಮುತ್ತೈದೆ. ಸೊಸೆಗೆ ಆಗ ಇಪ್ಪತ್ತು ತುಂಬಿತ್ತೋ ಇಲ್ಲವೋ. ಕೋಲಾರದಿಂದ ಅವಳ ತಂದೆ ಕಾಗದ ಬರೆದಿದ್ದರು: ಸೋಮವಾರ ಬರುತ್ತೇನೆ, ಅವನು ಇಲ್ಲವೆಂದಾದರೆ ಆಗಬೇಕಾದ್ದನ್ನು ಮುಗಿಸಿ ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಇದ್ದಾನೆಂದಾದರೆ ಅಲ್ಲೇ ಇದ್ದು ಕಾಯಲಿ, ಏನಾದರೂ ಒಂದು ಹೇಳಿ. ಆಗಬೇಕಾದ್ದು ಎಂದರೆ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಕೋಲಾರದ ಮನೆಯ ನಡುಮನೆಯ ಒಂದು ಮೂಲೆ. ಕಾಯುವುದು ಎಂದರೆ ಕಾಕ್ಸ್ ಟೌನಿನ ಮನೆಯ ನಡುಮನೆಯ ಒಂದು ಮೂಲೆ. ಯಾವ ಮೂಲೆ ಎಂದು ಯಾರೂ ಅವಳನ್ನು ಕೇಳಿರಲಿಲ್ಲ.

ಸಂಜೆ ಮೇಷ್ಟ್ರು ನನ್ನನ್ನು ವಾಕಿಂಗಿಗೆ ಕರೆದೊಯ್ಯುತ್ತಿದ್ದರು. ಬೇಕರಿಯ ಬಿಸಿ ಬ್ರೆಡ್ಡಿನ ವಾಸನೆ, ಬಾಂಬಿನ ಭಯಕ್ಕೆ ಕಪ್ಪು ಕಾಗದ ಅಂಟಿಸಿದ ಕಿಟಕಿಗಳು, ಅರ್ಧ ಕಣ್ಣು ಮುಚ್ಚಿದ ದೀಪದ ಮಿಲಿಟರಿ ಲಾರಿಗಳು. ಮಗನ ವಿಚಾರ ಅವರು ಎತ್ತುತ್ತಿರಲಿಲ್ಲ. ವೆಕ್ಟರುಗಳ ವಿಚಾರ ಎತ್ತುತ್ತಿದ್ದರು.

“ಏನ್ರೀ, ದಿನಾ ಬೋರ್ಡ್ ಮೇಲೆ ಐ, ಜೆ, ಕೆ ಅಂತ ಬರೀತೀರಲ್ಲ, ಅದು ಎಲ್ಲಿಂದ ಬಂತು ಗೊತ್ತೇನ್ರೀ?”

“ಪುಸ್ತಕದಿಂದ ಸಾರ್.”

“ಸ್ಮಶಾನದಿಂದ ಬಂತು. ಕೇಳಿ.”

ಒಬ್ಬ ಐರಿಷ್ ಮನುಷ್ಯನಂತೆ. ಅಂಕಿಗಳ ಜೋಡಿಯನ್ನು ಬಾಣ ಎಂದುಕೊಂಡು ಗುಣಿಸುವುದು ಆ ಹೊತ್ತಿಗೆ ತಿಳಿದಿತ್ತು. ಅದನ್ನು ಮೊದಲು ಕಂಡುಹಿಡಿದ ನಾರ್ವೆಯ ಸರ್ವೆಯವನನ್ನು ಮಾತ್ರ ಲೋಕ ಮರೆತೇಬಿಟ್ಟಿತ್ತು. ಐರಿಷ್‌ನವನಿಗೆ ಜೋಡಿ ಸಾಲದು, ನಾವು ಬದುಕುವ ಜಾಗಕ್ಕೆ ಮೂರು ಬೇಕು ಎಂಬ ಹಟ. ಮೂರನ್ನು ಮೂರರಿಂದ ಗುಣಿಸಲು ವರ್ಷಗಟ್ಟಲೆ ಒದ್ದಾಡಿದ. ಬೆಳಗ್ಗೆ ತಿಂಡಿಗೆ ಇಳಿದು ಬಂದರೆ ಮಕ್ಕಳು, ಅಪ್ಪಾ, ಮೂರನ್ನು ಗುಣಿಸೋಕೆ ಬಂತಾ ಎಂದು ಕೇಳುತ್ತಿದ್ದರಂತೆ. ಇಲ್ಲಪ್ಪ, ಕೂಡೋಕೆ ಕಳೆಯೋಕೆ ಅಷ್ಟೇ ಬರೋದು ಎಂದು ಅವನು ತಲೆಯಾಡಿಸುತ್ತಿದ್ದನಂತೆ.

“ನಮ್ಮನೇಲೂ ಅದೇ ಆಟ ನಡೀತಿತ್ತು ಕಣ್ರೀ,” ಎಂದರು ಮೇಷ್ಟ್ರು. “ಚಿಕ್ಕವನಿದ್ದಾಗ ಕಥೆ ಹೇಳ್ದೆ, ಅಷ್ಟೇ. ದಿನಾ ಇಡ್ಲಿಗೆ ಕೂತ ತಕ್ಷಣ ಕೇಳೋನು, ಅಪ್ಪಾ, ಬಂತಾ? ನಾನು ಇಲ್ಲ ಅನ್ನೋದು. ಮೀಸೆ ಬಂದ ಮೇಲೂ ಬಿಡ್ಲಿಲ್ಲ.”

ಆಮೇಲೆ ಏನೂ ಆಗಿಲ್ಲವೆಂಬಂತೆ ಐರ್ಲೆಂಡಿಗೆ ಮರಳಿದರು.

ಆ ಮನುಷ್ಯ ಒಂದು ದಿನ ಹೆಂಡತಿಯೊಡನೆ ಕಾಲುವೆಯ ಪಕ್ಕ ನಡೆದುಹೋಗುವಾಗ ಹೊಳೆಯಿತು: ಮೂರು ಎಂದಿಗೂ ತಮ್ಮಷ್ಟಕ್ಕೆ ಕೂಡಿ ಬಾಳವು, ನಾಲ್ಕನೆಯದೊಂದನ್ನು ಒಳಗೆ ಕರೆದರೆ ಮಾತ್ರ ಲೆಕ್ಕ ಕೂಡುತ್ತದೆ. ಚಾಕು ತೆಗೆದು ಸೇತುವೆಯ ಕಲ್ಲಿನ ಮೇಲೆ ಸೂತ್ರ ಕೆತ್ತಿಯೇಬಿಟ್ಟ. ವಾಕಿಂಗಿಗೆ ಬಂದ ಗಂಡ ಸೇತುವೆ ಕೆರೆಯುತ್ತಿರುವುದನ್ನು ಕಂಡು ಆಕೆ ಏನೆಂದಳೆಂಬುದು ಯಾವ ಪುಸ್ತಕದಲ್ಲೂ ಇಲ್ಲ. ದಿಕ್ಕುಳ್ಳ ಮೂರಕ್ಕೆ ಐ, ಜೆ, ಕೆ ಎಂದು ಗುರುತು, ಒಟ್ಟಾಗಿ ವೆಕ್ಟರ್ ಎಂದು ಹೆಸರು; ನಾಲ್ಕನೆಯದು ದಿಕ್ಕಿಲ್ಲದ ಬರಿಯ ಸಂಖ್ಯೆ. ಸರಿಸುಮಾರು ಅದೇ ಕಾಲಕ್ಕೆ ಜರ್ಮನಿಯ ಒಬ್ಬ ಶಾಲಾ ಮೇಷ್ಟ್ರೂ ಬೇರೆ ದಾರಿಯಿಂದ ಇದೇ ಊರು ಸೇರಿದ್ದ. ಅವನ ಪುಸ್ತಕವನ್ನು ಯಾರೂ ಕೊಳ್ಳದೆ ಅಚ್ಚಿನವರು ರದ್ದಿಗೆ ಹಾಕಿದರು.

“ಕೊನೆಗೆ ಬೇಜಾರಾಗಿ ಸಂಸ್ಕೃತ ಕಲಿತು ಋಗ್ವೇದಕ್ಕೆ ಕೈ ಹಾಕಿದ,” ಎಂದರು ಮೇಷ್ಟ್ರು. “ಗಣಿತ ಕೈಬಿಟ್ಟೋರಿಗೆ ವೇದವೇ ಗತಿ. ನಾನೂ ಶುರು ಮಾಡ್ಬೇಕು ಅಂತಿದೀನಿ.”

“ಆ ನಾಲ್ಕನೆಯದು ಏನಾಯ್ತು ಸಾರ್? ನಾವು ಮೂರನ್ನೇ ಕಲಿಸ್ತೀವಲ್ಲ.”

“ಐರಿಷ್‌ನವನು ಸತ್ತ ಮೇಲೆ ಒಬ್ಬ ಅಮೆರಿಕಾದವನು, ಒಬ್ಬ ತಂತಿ ಇಲಾಖೆ ಇಂಗ್ಲಿಷ್‌ನವನು ಸೇರ್ಕೊಂಡು ಅದನ್ನ ಕತ್ತರಿಸಿ ಹಾಕಿದ್ರು. ಮೂರಿದ್ರೆ ಸಾಕು, ನಾಲ್ಕನೇದು ಸುಮ್ನೆ ಜಾಗಕ್ಕೆ ದಂಡ ಅಂದ್ರು. ಹಳೇ ಕಡೆಯೋರು ಪತ್ರಿಕೆಗಳಲ್ಲಿ ಬಾಯಿಗೆ ಬಂದ ಹಾಗೆ ಬೈದ್ರು. ದೊಡ್ಡ ಜಗಳ. ಈಗ ನಾಲ್ವರಲ್ಲಿ ಮೂವರು ನಿಮ್ಮ ಬೋರ್ಡ್ ಮೇಲೆ ಕೂಲಿ ಮಾಡ್ತಿದಾರೆ.”

“ನಾಲ್ಕನೆಯವನು?”

“ಎಲ್ಲಿ ಹೋಗ್ತಾನ್ರೀ? ಮನೆಯಿಂದ ಆಚೆ ಹಾಕಿದೋರು ಬಾಗಿಲ ಹೊರಗೇ ನಿಂತಿರ್ತಾರೆ.”

ತಮಾಷೆಗೇ ಅಂದದ್ದು. ಆದರೂ ಅಂದು ಮನೆ ಸೇರಿದಾಗ ಇಬ್ಬರೂ ಗೇಟಿನ ಬಳಿ ಒಂದು ಕ್ಷಣ ನಿಂತೆವು. ಚಿಲಕಕ್ಕೆ ಮೊದಲು ಕೈ ಹಾಕಲು ನನಗಂತೂ ಮನಸ್ಸಾಗಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಆಂಗ್ಲೋ-ಇಂಡಿಯನ್ ವಿಧವೆ ಇದ್ದರು. ಬೀದಿಯವರೆಲ್ಲ ಮಿಸ್ಸಮ್ಮ ಎನ್ನುತ್ತಿದ್ದರು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅವರೊಡನೆ ಪ್ಲಾಂಚೆಟ್ ಮೂಲಕ ಮಾತನಾಡುವ ಅಭ್ಯಾಸ ಇಟ್ಟುಕೊಂಡಿದ್ದರು. ಕಾಗದದ ಮೇಲೆ ಅಕ್ಷರಗಳನ್ನು ಬರೆದು, ಮೇಲೆ ಗಾಜಿನ ಲೋಟ ಬೋರಲು ಹಾಕಿ, ಎಲ್ಲರೂ ಅದರ ಮೇಲೆ ಒಂದೊಂದು ಬೆರಳಿಟ್ಟು ಸತ್ತವರನ್ನು ಕರೆಯುವುದು. ಲೋಟ ತಾನಾಗಿ ಹರಿದು ಅಕ್ಷರ ತೋರಿಸುತ್ತದೆ. ಗಂಡ ಬಂದು ಸಾಮಾನ್ಯವಾಗಿ ಮಾರ್ಕೆಟ್ಟಿನ ಮಾಂಸದ ಬಗ್ಗೆ ದೂರುತ್ತಿದ್ದರಂತೆ. ಬದುಕಿದ್ದಾಗಲೂ ಅಷ್ಟೇ ಎಂದು ಮಿಸ್ಸಮ್ಮ.

ಅಮ್ಮ ಅವರನ್ನು ಕರೆಸಿದರು. ಇಂಗ್ಲಿಷ್ ಅಕ್ಷರ ಬೇಡವೆಂದು ಹಾಳೆಯ ಒಂದು ತುದಿಗೆ ‘ಇದ್ದಾನೆ’ ಎಂದೂ ಎದುರು ತುದಿಗೆ ‘ಇಲ್ಲ’ ಎಂದೂ ತಾವೇ ಬರೆದರು. ಮೊದಲ ಸಲ ನಾನೂ ಬೆರಳಿಟ್ಟೆ. ಲೋಟ ಕದಲಿತು. ನಾನು ತಳ್ಳಲಿಲ್ಲ, ನನ್ನ ಬೆರಳು ಅದರ ಹಿಂದೆ ಹೋಗುತ್ತಿತ್ತು, ಹಸುವಿನ ಹಿಂದೆ ಕರು ಹೋದಂತೆ. ಅದು ‘ಇದ್ದಾನೆ’ಯ ಮೇಲೆ ನಿಂತಿತು. ಅಮ್ಮ ಅಂದು ಪಾಯಸ ಮಾಡಿದರು. ಮುಂದಿನ ವಾರ ಕೂತಾಗ ಅದೇ ಲೋಟ ನೇರವಾಗಿ ‘ಇಲ್ಲ’ಕ್ಕೆ ಹೋಯಿತು. ಅಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ.

ಮೇಷ್ಟ್ರು ತಡೆಯಲಾರದೆ ಹೇಳಿದರು: “ಅಲ್ಲಿ ಯಾರೂ ಬರಲ್ಲ ಕಣೇ. ನೀವೆಲ್ಲ ಗೊತ್ತಿಲ್ದೆ ತಳ್ತೀರಿ. ಎಲ್ಲರ ತಳ್ಳೂ ಕೂಡಿ ಒಂದು ದಿಕ್ಕು ಬರತ್ತೆ. ಅದು ಯಾರ ದಿಕ್ಕೂ ಅಲ್ಲ, ಅದಕ್ಕೇ ದೆವ್ವ ಅನ್ಸತ್ತೆ.”

“ಹಾಗಾದ್ರೆ ತೋರಿಸಿ,” ಎಂದರು ಅಮ್ಮ. “ಬೀಗರು ಸೋಮವಾರ ಬರ್ತಾರೆ. ಭಾನುವಾರ ಕೊನೇ ಸಲ ಕೂರೋದು. ನಿಮ್ಮ ಪರೀಕ್ಷೆ ಏನಿದ್ಯೋ ಅದೂ ಆಗ್ಲಿ. ಆದ್ರೆ ಅದು ಎಲ್ಲಿ ನಿಲ್ಲತ್ತೋ ಅದೇ ಮಾತು. ಆಮೇಲೆ ಯಾರೂ ಎದುರಾಡ್ಬಾರ್ದು.”

ಬಾಗಿಲಲ್ಲಿ ಸೊಸೆ ನಿಂತಿದ್ದಳು. ಮಡಚಿದ ಬಟ್ಟೆಗಳನ್ನು ಎದೆಗೆ ಅವಚಿಕೊಂಡು ಒಳಗೆ ಹೋದಳು.

ಮೇಷ್ಟ್ರು ತಯಾರಿಗೆ ಇಳಿದದ್ದನ್ನು ನೋಡಬೇಕಿತ್ತು. ದಂಡಯಾತ್ರೆಗೆ ಹೊರಟ ಮುದಿ ಸೇನಾಪತಿಯ ಹಾಗೆ. ಲೋಟಕ್ಕೆ ಬದಲು ಡಬ್ಬಿಯ ಹಿತ್ತಾಳೆ ಮುಚ್ಚಳ. ಅದಕ್ಕೆ ಮೂರು ದಾರ, ಪ್ರತಿ ದಾರದ ತುದಿಗೆ ಎಳೆತ ತೋರಿಸುವ ಪುಟ್ಟ ಸ್ಪ್ರಿಂಗ್ ತಕ್ಕಡಿ, ಅದರ ಬಳೆಗೆ ಒಬ್ಬೊಬ್ಬರ ಬೆರಳು. ಎಳೆದಷ್ಟೂ ಮುಳ್ಳು ಸೊನ್ನೆಯಿಂದ ಕೆಳಕ್ಕೆ ಇಳಿಯುತ್ತದೆ; ಯಾರು ಎಷ್ಟು ಎಳೆದರೆಂದು ಅದೇ ಹೇಳಿಬಿಡುತ್ತದೆ. ಹಾಳೆಯ ಮೇಲೆ ಗಾಜಿನ ಹಲಗೆ. ಮುಚ್ಚಳ ಎಲ್ಲೂ ತಡೆಯದೆ ಜಾರಲೆಂದು ಕೆಳಗೆ ಸೈಕಲ್ಲಿನ ಗುಂಡುಗಳು. ಗುಂಡು ತರಲು ಶಿವಾಜಿನಗರದ ಕಡೆಯ ಸೈಕಲ್ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು.

“ಸೈಕಲ್ ಕಿಧರ್ ಹೈ, ಮೇಷ್ಟ್ರೇ?” ಎಂದು ಕೇಳಿದರು ಅಂಗಡಿಯ ಸಾಹೇಬರು.

“ಸೈಕಲ್ ಇಲ್ಲ. ಗುಂಡು ಮಾತ್ರ.”

“ಸೈಕಲ್ ನಹೀ, ಗುಂಡು ಹೋನಾ. ಅಚ್ಛಾ.” ಅವರು ನನ್ನತ್ತ ತಿರುಗಿ ಮೆಲ್ಲಗೆ, “ತಬಿಯತ್ ಹೇಗಿದೆ ಇವರ್ದು?” ಎಂದರು. ನಾನು ಚೆನ್ನಾಗಿದೆ ಎಂದೆ. ಸುಳ್ಳು ಹೇಳಿದ ಭಾವನೆ ಬಂತು.

ಭಾನುವಾರ ಊಟವಾದ ಮೇಲೆ ಮೇಜನ್ನು ನಡುಮನೆಯ ಮಧ್ಯಕ್ಕೆ ಎಳೆದೆವು. ಮೇಷ್ಟ್ರು, ಮೇಜು ಎತ್ತಲೂ ಓರೆಯಾಗಿಲ್ಲವೆಂದು ನೋಡಲು, ಗಾರೆಯವರಿಂದ ತಂದ ರಸಮಟ್ಟವನ್ನು ಗಾಜಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು, ಗುಳ್ಳೆ ನಟ್ಟನಡುವೆ ನಿಲ್ಲುವವರೆಗೆ ಮೇಜಿನ ಕಾಲಿಗೆ ರಟ್ಟಿನ ಚೂರು ಕೊಟ್ಟರು. ‘ಇದ್ದಾನೆ’ಯ ಕಡೆ ಅಮ್ಮ. ಎದುರಿಗೆ, ‘ಇಲ್ಲ’ದ ಕಡೆ, ಬೇರೆ ಯಾರೂ ಕೂರಲು ಒಪ್ಪದ್ದರಿಂದ, ಮಿಸ್ಸಮ್ಮ. ಮೂರನೆಯ ಬದಿಗೆ ಸೊಸೆ. ನಾಲ್ಕನೆಯ ಬದಿಯ ಬೆತ್ತದ ಕುರ್ಚಿ ಮಗನದು. ಅದನ್ನು ತೆಗೆಯೋಣವೇ ಎಂದು ನಾನು ಕೇಳಿದೆ. ಅಮ್ಮ ಸೆರಗಿನಿಂದ ಅದರ ಧೂಳು ಒರೆಸಿ ಇದ್ದಲ್ಲೇ ಬಿಟ್ಟರು, ನಾನೂ ಮುಟ್ಟಲಿಲ್ಲ. ತಕ್ಕಡಿಗಳನ್ನು ಓದುವುದು ನನ್ನ ಕೆಲಸ. ಮೇಷ್ಟ್ರು ಗೋಡೆಗೆ ಒರಗಿ, ಕೈಯಲ್ಲಿ ಹಲಗೆ, ಕಾಗದ, ಪೆನ್ಸಿಲು ಹಿಡಿದು ನಿಂತರು.

“ಫಿಂಗರ್ ಲೈಟಾಗಿ ಇಡು, ಚೈಲ್ಡ್,” ಎಂದರು ಮಿಸ್ಸಮ್ಮ. ಸೊಸೆ ಬೆರಳನ್ನು ಬಳೆಯೊಳಗೆ ಇಟ್ಟಳು.

ಕಿಟಕಿಗೆ ಕಪ್ಪು ಕಾಗದ ಇದ್ದುದರಿಂದ ನಡುಹಗಲಲ್ಲೂ ಒಳಗೆ ಬೆಳಕು ಬಾವಿಯ ನೀರಿನ ಬಣ್ಣಕ್ಕಿತ್ತು. ಅಮ್ಮ ಮಗನ ಹೆಸರು ಹಿಡಿದು ಕರೆದರು, ಊಟಕ್ಕೆ ಕರೆಯುವ ದನಿಯಲ್ಲಿ.

ಮುಚ್ಚಳ ನಡುಗಿತು. ಅಮ್ಮನ ಮುಳ್ಳು ಇಳಿಯಿತು. ದಾರ ಸಡಿಲವಾಗದಿರಲೆಂದು ಮಿಸ್ಸಮ್ಮನೂ ಹಿಡಿದರು; ಅವರ ಮುಳ್ಳೂ ಅಷ್ಟೇ ಇಳಿಯಿತು. ಎರಡೂ ಎದುರುಬದುರು, ಸಮಸಮ. ಸೊಸೆಯ ಮುಳ್ಳು ಸೊನ್ನೆಯಲ್ಲೇ ಇತ್ತು. ಅವಳ ದಾರ ಗಾಜಿನ ಮೇಲೆ ಸಡಿಲವಾಗಿ ಸುರುಳಿ ಬಿದ್ದಿತ್ತು. ಅವಳು ಎಳೆಯಲೇ ಇಲ್ಲ.

ಮೇಷ್ಟ್ರು ನನ್ನತ್ತ ಹುಬ್ಬು ಹಾರಿಸಿದರು, ನೋಡಿದಿರಾ ಎಂಬಂತೆ. ಅಷ್ಟರಲ್ಲಿ ಮುಚ್ಚಳ ಹೊರಟಿತು.

‘ಇದ್ದಾನೆ’ಯ ಕಡೆಗಲ್ಲ, ‘ಇಲ್ಲ’ದ ಕಡೆಗೂ ಅಲ್ಲ. ಯಾರೂ ಕೂತಿಲ್ಲದ ಬದಿಗೆ. ಗುಂಡುಗಳು ಗಾಜಿನ ಮೇಲೆ ಉರುಳುವ ಸಣ್ಣ ಸದ್ದು, ಯಾರೋ ಹಲ್ಲು ಕಡಿದಂತೆ. ಸೊಸೆಯ ದಾರದ ಸುರುಳಿ ಒಂದೊಂದಾಗಿ ಬಿಚ್ಚಿಕೊಂಡಿತು, ನೆಟ್ಟಗಾಯಿತು, ಬಿಗಿಯಾಯಿತು. ಮುಚ್ಚಳ ನಿಂತಿತು. ಸೊನ್ನೆಯಲ್ಲಿದ್ದ ಅವಳ ಮುಳ್ಳು ಕೆಳಗಿಳಿಯಿತು.

“ನಿಂತಿದೆ, ಓದಿ,” ಎಂದರು ಮೇಷ್ಟ್ರು.

ಓದಿದೆ. ಅವರು ಬಾಣ ಬರೆದರು: ಅಮ್ಮನದು, ಅದರ ತುದಿಗೆ ಮಿಸ್ಸಮ್ಮನದು, ಅದರ ತುದಿಗೆ ಸೊಸೆಯದು. ನಿಂತ ವಸ್ತುವಿನ ಮೇಲಿನ ಎಳೆತಗಳನ್ನು ಹೀಗೆ ಜೋಡಿಸಿದರೆ ಹೊರಟ ಜಾಗಕ್ಕೇ ಬಂದು ಮುಟ್ಟಬೇಕು, ಆಕೃತಿ ಮುಚ್ಚಿಕೊಳ್ಳಬೇಕು. ಷೆಡ್ಡಿನಲ್ಲಿ ನಾನು ದಿನಾ ಹೇಳುವ ಪಾಠ. ಅವರ ಆಕೃತಿ ಮುಚ್ಚಿಕೊಳ್ಳಲಿಲ್ಲ. ಬಾಯಿ ತೆರೆದು ಉಳಿಯಿತು. ಅದನ್ನು ಮುಚ್ಚಲು ಬೇಕಾದ ನಾಲ್ಕನೆಯ ಬಾಹುವನ್ನು ಮೇಷ್ಟ್ರು ಚುಕ್ಕೆಚುಕ್ಕೆಯಾಗಿ ಎಳೆದರು. ಅದು ಬೆತ್ತದ ಕುರ್ಚಿಯ ಕಡೆಗೆ ತಿರುಗಿತ್ತು.

“ಆ ಕಡೆಯಿಂದ ಯಾರ್ರೀ ಎಳೀತಿರೋದು?” ಎಂದರು ಅಮ್ಮ, ಮೆಲ್ಲಗೆ.

“ಘರ್ಷಣೆ.”

ಆ ಗುಂಡುಗಳಿಗೆ ಎಣ್ಣೆ ಹಾಕಿದವರು ಅವರೇ. ಅಷ್ಟು ಘರ್ಷಣೆ ಅಲ್ಲಿರಲು ಸಾಧ್ಯವಿಲ್ಲವೆಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಮಾವ, ಜೋರಾಗ್ತಿದೆ,” ಎಂದಳು ಸೊಸೆ. ಅವಳ ಮುಳ್ಳು ಇನ್ನೂ ಇಳಿಯುತ್ತಿತ್ತು. ಬೆರಳಿನ ತುದಿ ಬೆಳ್ಳಗಾಗಿತ್ತು.

“ಹಿಡ್ಕೊಳ್ಳೇ! ಬಿಡ್ಬೇಡ! ಈ ಕಡೆ ಎಳಿ, ನನ್ ಕಡೆ ಎಳಿ!” ಅಮ್ಮ ಅರ್ಧ ಎದ್ದಿದ್ದರು.

“ಬಿಡು, ಚೈಲ್ಡ್, ಬಿಟ್ಬಿಡು!” ಮಿಸ್ಸಮ್ಮ ತಮ್ಮ ತಕ್ಕಡಿ ಬಿಸುಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಅವಳು ಇಬ್ಬರನ್ನೂ ನೋಡಲಿಲ್ಲ. ಎದುರಿನ ಕುರ್ಚಿಯನ್ನು ನೋಡುತ್ತಿದ್ದಳು. ಹೆದರಿಕೆಯ ಮುಖವಲ್ಲ, ರೈಲು ಹೊರಡುವಾಗ ಕಿಟಕಿಯ ಪಕ್ಕ ನಿಂತವರ ಮುಖ. ಆಮೇಲೆ ಬೆರಳನ್ನು ನೇರ ಮಾಡಿದಳು, ಅಷ್ಟೇ. ಬಳೆ ಜಾರಿತು. ಮುಚ್ಚಳ ಅಂಚು ದಾಟಿ ಹೋಯಿತು. ಗುಂಡುಗಳು ಕೆಂಪು ನೆಲದ ಮೇಲೆ ಮಳೆಯಂತೆ ಚೆಲ್ಲಿ ಮೂಲೆಮೂಲೆಗೆ ಓಡಿದವು.

ಆದರೆ ಮುಚ್ಚಳ ಕೆಳಗೆ ಬೀಳಲಿಲ್ಲ. ಅಮ್ಮ ತಮ್ಮ ದಾರ ಬಿಟ್ಟಿರಲಿಲ್ಲ. ಅದು ಕುರ್ಚಿಯ ಬೆತ್ತದ ಮೇಲೆ ಒಂದು ಗೇಣು ಎತ್ತರದಲ್ಲಿ ತೂಗುತ್ತಿತ್ತು. ಅಮ್ಮ ಅದನ್ನೇ ನೋಡುತ್ತ ನಿಂತರು. ಬಹಳ ಹೊತ್ತಿನ ಮೇಲೆ, ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ದಾರ ಸಡಿಲಿಸಿ ಮುಚ್ಚಳವನ್ನು ಆ ಕುರ್ಚಿಯಲ್ಲಿ ಕೂರಿಸಿದರು.

ಮೇಷ್ಟ್ರು ರಸಮಟ್ಟ ತಂದು ಗಾಜಿನ ಮೇಲಿಟ್ಟರು. ಗುಳ್ಳೆ ನಟ್ಟನಡುವೆ ಇತ್ತು.

ಮೊದಲು ಮಾತಾಡಿದ್ದು ಸೊಸೆ. “ಅತ್ತೆ, ಅದು ‘ಇದ್ದಾನೆ’ಗೂ ಹೋಗ್ಲಿಲ್ಲ, ‘ಇಲ್ಲ’ಕ್ಕೂ ಹೋಗ್ಲಿಲ್ಲ. ಎಲ್ಲಿ ನಿಲ್ಲತ್ತೋ ಅದೇ ಮಾತು ಅಂದಿದ್ರಿ.”

“ಅಂದಿದ್ದೆ.”

“ಹಾಗಾದ್ರೆ ನಾನೂ ಎರಡು ಕಡೆಗೂ ಹೋಗಲ್ಲ. ಕುಂಕುಮ ಅಳಿಸ್ಕೊಳಲ್ಲ. ಕೂತು ಕಾಯೋದೂ ಇಲ್ಲ. ಮಿಲಿಟರಿ ಆಸ್ಪತ್ರೇಲಿ ನರ್ಸ್ ಕೆಲ್ಸ ಕಲಿಸ್ತಾರಂತೆ, ಮಿಸ್ಸಮ್ಮ ಕೇಳಿದಾರೆ. ನಾಳೆ ಅಪ್ಪ ಬಂದ್ರೆ ನಾನೇ ಹೇಳ್ತೀನಿ.”

ಮಿಸ್ಸಮ್ಮ ಮೇಲಿನ ಜಂತೆಗಳನ್ನು ಅತ್ಯಂತ ಆಸಕ್ತಿಯಿಂದ ಪರಿಶೀಲಿಸತೊಡಗಿದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅಮ್ಮ ಕೈಯೆತ್ತಿ ತಡೆದರು. ಯಾರೂ ಎದುರಾಡಬಾರದೆಂಬ ಷರತ್ತು ಅವರದೇ.

“ಡ್ಯೂಟಿ ಮುಗಿಸ್ಕೊಂಡು ಊಟಕ್ಕೆ ಮನೆಗೆ ಬರ್ತೀಯೋ, ಅಲ್ಲೇ ಹಾಕ್ತಾರೋ?” ಎಂದು ಕೊನೆಗೆ ಕೇಳಿದರು.

“ಬರ್ತೀನಿ ಅತ್ತೆ.”

ಸೋಮವಾರ ಕೋಲಾರದಿಂದ ತಂದೆ ಬಂದರು. ಬೆತ್ತದ ಕುರ್ಚಿಯಲ್ಲಿ ಕೂರಹೋದಾಗ ಮನೆಯವರೆಲ್ಲ ಒಟ್ಟಿಗೆ “ಅಲ್ಲಿ ಬೇಡ!” ಎಂದು ಕೂಗಿದ್ದಕ್ಕೆ ಅರ್ಧ ಧೈರ್ಯ ಅಲ್ಲೇ ಕಳೆದುಕೊಂಡರು. ಉಳಿದರ್ಧವನ್ನು ಮಗಳು ನೋಡಿಕೊಂಡಳು. ಉಪ್ಪಿಟ್ಟು ತಿಂದು ಒಬ್ಬರೇ ರೈಲು ಹತ್ತಿದರು.

ಮೇಷ್ಟ್ರು ಆ ಪ್ರಯೋಗವನ್ನು ಬಿಡಲಿಲ್ಲ. ಬೆರಳುಗಳ ಬದಲು ತೂಕದ ಕಲ್ಲು ಕಟ್ಟಿ, ಅದೇ ಗಾಜು, ಅದೇ ಗುಂಡು, ಮತ್ತೆ ಮತ್ತೆ ಮಾಡಿದರು. ಪ್ರತಿ ಸಲವೂ ಆಕೃತಿ ಅಚ್ಚುಕಟ್ಟಾಗಿ ಮುಚ್ಚಿಕೊಂಡಿತು. ನನಗೆ ತೋರಿಸುವಾಗ ಅವರಿಗೆ ಸಂತೋಷವಿರಲಿಲ್ಲ. ತಪ್ಪು ಬಂದಿದ್ದರೆ ಉಪಕರಣವನ್ನು ಬೈಯಬಹುದಿತ್ತು. ಒಂದು ಬೆಳಗ್ಗೆ ಇಡ್ಲಿಗೆ ಕೂತಾಗ, ಯಾರೂ ಏನೂ ಕೇಳಿರಲಿಲ್ಲ, ತಟ್ಟೆ ನೋಡುತ್ತಲೇ “ಇಲ್ಲಪ್ಪ, ಇನ್ನೂ ಬಂದಿಲ್ಲ,” ಎಂದರು. ಅಮ್ಮ ಚಟ್ನಿ ಬಡಿಸುತ್ತಿದ್ದ ಕೈ ನಿಲ್ಲಿಸಿ ಬೆತ್ತದ ಕುರ್ಚಿಯ ಕಡೆ ನೋಡಿ, ಮತ್ತೆ ಬಡಿಸಿದರು.

ಯುದ್ಧ ಮುಗಿಯಿತು. ಮಗ ಬರಲಿಲ್ಲ, ಅವನು ಸತ್ತ ಸುದ್ದಿಯೂ ಬರಲಿಲ್ಲ. ನಾನು ಬೇರೆ ಮನೆ ಮಾಡಿದೆ. ಒಂದು ಸಂಜೆ ಹಲಸೂರು ಕೆರೆಯ ದಾರಿಯಲ್ಲಿ ಸೊಸೆ ಸಿಕ್ಕಳು. ಬಿಳಿಯ ಸಮವಸ್ತ್ರ, ಹಣೆಯಲ್ಲಿ ಕುಂಕುಮ, ಕೆಲಸ ಮುಗಿಸಿ ಬರುವವರ ಬಿರುಸು ನಡಿಗೆ. ಅಮ್ಮನಿಗೆ ಉಬ್ಬಸ ಹೆಚ್ಚಾಗಿದೆ, ಚುಚ್ಚುಮದ್ದು ತಾನೇ ಕೊಡುತ್ತೇನೆ, ಕೊಡುವಾಗ ಆವತ್ತಿನ ಮಿಸ್ಸಮ್ಮನಿಗಿಂತ ಜೋರಾಗಿ ಕೂಗುತ್ತಾರೆ ಎಂದಳು. ಆಮೇಲೆ ಕೇಳಿದಳು:

“ಅಣ್ಣ, ಆವತ್ತು ಮುಚ್ಚಲಿಲ್ವಲ್ಲ, ಅದು ಏನು ಅಂತ ಗೊತ್ತಾಯ್ತಾ?”

“ಇಲ್ಲಮ್ಮ. ನಿಮ್ಮ ಮಾವ ಘರ್ಷಣೆ ಅಂತಾರೆ.”

“ಇರ್ಬೋದು,” ಎಂದಳು. ಬಲಗೈಯ ತೋರುಬೆರಳನ್ನು ಎಡಗೈಯಿಂದ ಒಮ್ಮೆ ಉಜ್ಜಿಕೊಂಡಳು. “ಬಿಟ್ಟಾಗ ಒಂದು ಕ್ಷಣ, ಆ ಕಡೆಯಿಂದಲೂ ಬಿಟ್ಟ ಹಾಗಾಯ್ತು.”

ಮರ್ಫಿ ಟೌನಿನ ಕಡೆಯಿಂದ ಬಸ್ಸು ಬಂತು. ಅತ್ತೆಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಓಡಿಹೋಗಿ ಹತ್ತಿಕೊಂಡಳು.